ಅವ್ವನ ಮೊಣಕಾಲು ಸವೆತ ನನಗೂ ಅಷ್ಟಽ ಲಗೂ ಕೆಡತದೇನು?

ಅಕ್ಕಾರ, ಅವ್ವಗೂ ಚಿಕ್ಕವ್ವಗೂ ಮೊಣಕಾಲು ಸವದು ಬಾಗ್ಯಾವ, 44ಕ್ಕ ನಿಮಗೂ ಎಕ್ಸ್‌ರೇದಾಗ ಸವೆತ ಕಂಡದ, ಜೀನ್ ಟೆಸ್ಟ್ ಮಾಡಿಸಲೇನು ಅಂತ ಕೇಳೀರಿ. ಟೆಸ್ಟಿಗೆ ರೊಕ್ಕ ಹಾಕಬ್ಯಾಡ್ರಿ.

ವಂಶದ ಪಾಲು ಇರೋದು ಖರೇ. 1996ರಾಗ ಇಂಗ್ಲೆಂಡಿನ ಅವಳಿ ಹೆಣ್ಣುಮಕ್ಕಳನ್ನ ನೋಡಿದಾಗ, ಕೈ ಮತ್ತ ಮೊಣಕಾಲಿನ ಸವೆತದಾಗ ಅದು ಶೇ. 39ರಿಂದ 65ರಷ್ಟು ಅಂತ ಬಂತು. ಆದ್ರ ಒಂದಽ ಜೀನಿನ ಕೆಲಸ ಅಲ್ಲ. ಹೆಚ್ಚು ಹೆಸರಾದದ್ದು ಜಿಡಿಎಫ್5 ಅನ್ನೋ ಜೀನು. ಗರ್ಭದಾಗ ಕೀಲು ಮೂಡೋದಕ್ಕ ಬೇಕಾದ ಪ್ರೋಟೀನು ಅದರಿಂದ ಆಗತದ. 2021ರಾಗ 8 ಲಕ್ಷಕ್ಕೂ ಹೆಚ್ಚು ಮಂದಿಯ ಡಿಎನ್‌ಎ ಹೋಲಿಸಿದಾಗ ಸವೆತಕ್ಕ ಸಂಬಂಧಪಟ್ಟ 100 ವ್ಯತ್ಯಾಸ ಸಿಕ್ಕವು. ಹೆಚ್ಚಿನವುಗಳ ಪ್ರಭಾವ ಭಾಳ ಸಣ್ಣದು.

ಮತ್ತ ಬ್ಯಾನಿ ಬರೋದು ಬ್ಯಾರೆ, ಬಂದದ್ದು ಮುಂದ ಓಡೋದು ಬ್ಯಾರೆ. ಎಷ್ಟು ಲಗೂ ಕೆಡತದ ಅಂತ ಜೀನ್ ನೋಡಿ ಹೇಳೋ ಪದ್ಧತಿ ಆಸ್ಪತ್ರ್ಯಾಗಿಲ್ಲ. ಆದ್ರ ಕಾಲು ಹೊರಗ ಬಾಗಿದ್ರ ಮೊಣಕಾಲಿನ ಒಳಮಗ್ಗಲಿಗೆ ಭಾರ ಹೆಚ್ಚು ಬಿದ್ದು ಅಲ್ಲಿ ಲಗೂ ಸವಿತದ. ಹಂಗಾಗಿ ನಿಂತು ತಗಿಸಿದ ಎಕ್ಸ್‌ರೇ ತೋರಿಸಿ, ಕಾಲು ಸರಳ ಅದಾವೇನು ಅಂತ ಡಾಕ್ಟರನ್ನ ಕೇಳ್ರಿ.

ತೂಕ ಹೆಚ್ಚಿದ್ರ ಅದನ್ನ ಹಿಡೀರಿ: 1 ಕೆಜಿ ಇಳದ್ರ ಒಂದೊಂದು ಹೆಜ್ಜಿಗೆ ಮೊಣಕಾಲಿನ ಮ್ಯಾಲಿನ ಭಾರ ಸುಮಾರು 4 ಕೆಜಿ ಇಳೀತದ. ಕುರ್ಚಿಮ್ಯಾಲೆ ಕೂತು ಒಂದು ಕಾಲು ನೆಟ್ಟಗ ಚಾಚಿ, ತೊಡಿ ಬಿಗಿಮಾಡಿ, ಐದು ಎಣಿಸಿ ಇಳಸ್ರಿ. ತೊಡಿ ಗಟ್ಟಿ ಆದಂಗ ನೋವು ಕಮ್ಮಿ ಆಗತದ. ರೊಟ್ಟಿ ನೆಲಕ್ಕ ಕೂತು ಬಡೀತಿದ್ರ ಒಲಿ ಕಟ್ಟಿಮ್ಯಾಲೆ ಇಡ್ರಿ, ಹಗಲೆಲ್ಲಾ ಮೊಣಕಾಲು ಮಡಚಿ ಏಳೋದು ತಪ್ಪತದ. ಬಾವು ಬಂದ್ರ, ಮಡಚೋವಾಗ ಮೊಣಕಾಲು ನಡುವಽ ಸಿಕ್ಕೊಂಡಂಗ ಆದ್ರ, ತಡಾ ಮಾಡದ ಹಾವೇರ್ಯಾಗಽ ಎಲುಬಿನ ಡಾಕ್ಟರಿಗೆ ತೋರಸ್ರಿ.