ಟ್ರೋಲ್‌ಟುಂಗಾ ಚಾರಣ ಹೊಸಬರಿಗೆ ಆಗುತ್ತದೆಯೇ?

ನಾರ್ವೆಯ ಟ್ರೋಲ್‌ಟುಂಗಾ ಬಂಡೆಗೆ ಹೊಸಬರು ನಡೆದು ಹೋಗಬಹುದಾ, ತುದಿಯಲ್ಲಿ ನಿಲ್ಲೋಕೆ ಭಯ ಆಗಲ್ವಾ ಅಂತ ಕೇಳಿದ್ದೀರಿ. ನಾನು ಹೋಗಿ ಬಂದಿದ್ದೇನೆ. ತುದಿಯ ಚಿಂತೆ ಆಮೇಲೆ ಮಾಡಿ, ಮೊದಲು ವಾಪಸ್ ಬರುವ ದಾರಿಯ ಬಗ್ಗೆ ಯೋಚಿಸಿ.

ಒಡ್ಡಾ ಪಟ್ಟಣದ ಹತ್ತಿರ ಇರುವ ಶೆಗ್ಗೆಡಾಲ್‌ನಿಂದ ಹೊರಟರೆ ಹೋಗಿ ಬರಲು ಸುಮಾರು 27 ಕಿ.ಮೀ. ಸುಮಾರು 800 ಮೀಟರ್ ಏರಬೇಕು. ಊಟ, ಫೋಟೋ ಎಲ್ಲ ಸೇರಿ 10-12 ಗಂಟೆ ಹಿಡಿಯುತ್ತದೆ. ಮೇಲಿನ ಪಾರ್ಕಿಂಗ್‌ವರೆಗೆ ಗಾಡಿಯಲ್ಲಿ ಹೋದರೆ ದೂರ 20 ಕಿ.ಮೀ.ಗೆ ಇಳಿಯುತ್ತದೆ, ಮೊದಲ ಕಡಿದಾದ ಏರು ತಪ್ಪುತ್ತದೆ. ಹೊಸಬರು ಯಾವ ಮುಜುಗರವೂ ಇಲ್ಲದೆ ಇದನ್ನೇ ಆರಿಸಿಕೊಳ್ಳಿ. ಅಲ್ಲಿ ಜಾಗ ಕಡಿಮೆ, ಮೊದಲೇ ಬುಕ್ ಮಾಡಬೇಕು. ಇಲ್ಲದಿದ್ದರೆ ಕೆಳಗಿನಿಂದ ಶಟಲ್ ಗಾಡಿ ಹಿಡಿಯಬೇಕು.

ದಾರಿ ತಪ್ಪುವುದು ಕಷ್ಟ. ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ 'ಟಿ' ಅಕ್ಷರ ಬರೆದಿರುತ್ತಾರೆ. ಆದರೆ ಮಂಜು ಕವಿದರೆ ಮುಂದಿನ ಗುರುತು ಕಾಣೋದಿಲ್ಲ, ಮಳೆ ಬಂದರೆ ನುಣುಪಾದ ಬಂಡೆ ಮೇಲೆ ಕಾಲು ಜಾರುತ್ತದೆ. ಹೋಗುವಾಗ ಇದೆಲ್ಲ ಲೆಕ್ಕಕ್ಕೇ ಬರಲ್ಲ, ಉತ್ಸಾಹ ಇರುತ್ತದಲ್ವಾ! ವಾಪಸ್ ಬರುವಾಗ ಮಂಡಿ ಸೋತಿರುತ್ತದೆ, ಅದೇ ಕಲ್ಲು ಬೇರೆ ಥರ ಕಾಣುತ್ತದೆ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ. ಇಷ್ಟು ಗಂಟೆಯೊಳಗೆ ಮುಟ್ಟದಿದ್ದರೆ ಎಲ್ಲಿದ್ದೇವೋ ಅಲ್ಲಿಂದಲೇ ತಿರುಗೋಣ ಅಂತ ಜೊತೆಯವರಿಗೆ ಮೊದಲೇ ಹೇಳಿಬಿಡಿ. ಮೇಲೆ ಹೋದಮೇಲೆ ಯಾರೂ ಕೇಳಲ್ಲ.

ಇನ್ನು ಬಂಡೆ. ಹಿಮಯುಗದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಹಿಗ್ಗಿ, ಸುತ್ತಲಿನ ಕಲ್ಲನ್ನು ಸೀಳಿ ಕೆಡವಿದೆ. ಉಳಿದ ಚಪ್ಪಡಿ ನಾಲಿಗೆಯಂತೆ ಹೊರಚಾಚಿದೆ. ಸುಮಾರು 700 ಮೀಟರ್ ಕೆಳಗೆ ರಿಂಗೆಡಾಲ್ ಸರೋವರ. ಬೇಲಿ ಇಲ್ಲ. ಫೋಟೋದಲ್ಲಿ ಕಾಣುವುದಕ್ಕಿಂತ ಅಗಲವಾಗಿಯೇ ಇದೆ, ನಡುವೆ ನಿಂತರೆ ತಲೆ ಸುತ್ತಲ್ಲ. ತುದಿಗೆ ಹೋಗಲೇಬೇಕು ಅಂತೇನಿಲ್ಲ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎಲ್ಲರೂ ತುದಿಯಲ್ಲೇ ನಿಂತ ಹಾಗೆ ಕಾಣುತ್ತಾರೆ! ಚಿತ್ರದಲ್ಲಿ ಬಾರದ್ದು ಫೋಟೋಗೆ ಕಾಯುತ್ತಾ ಹಿಂದೆ ನಿಂತ ಜನರ ಸಾಲು. ಜುಲೈ, ಆಗಸ್ಟ್‌ನಲ್ಲಿ ಆ ಸಾಲಲ್ಲಿ ಗಾಳಿಗೆ ನಡುಗುತ್ತಾ ಸುಮ್ನೆ ಕಾಯಬೇಕಾಗುತ್ತದೆ. ಬೆವರಿದ ಬಟ್ಟೆ ಅಲ್ಲೇ ತಣ್ಣಗಾಗುತ್ತದೆ. ಇನ್ನೊಂದು ಬೆಚ್ಚನೆ ಜಾಕೆಟ್, ಕುಲಾವಿ ಬ್ಯಾಗಲ್ಲಿರಲಿ.

ಗೈಡ್ ಇಲ್ಲದೆ ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಆದರೆ ದಾರಿಯಲ್ಲಿ ಹಿಮ ಉಳಿದಿರಬಹುದು. ಸೆಪ್ಟೆಂಬರ್‌ನಲ್ಲಿ ಜನ ಕಡಿಮೆ, ಕತ್ತಲು ಬೇಗ. ಆಗ ಹೋದರೆ ಹೆಡ್‌ಲ್ಯಾಂಪ್ ಮರೆಯಬೇಡಿ.