ಓದುಗರ ಪ್ರಶ್ನೆ: ಹೊಗೆ ಡ್ರಮ್ಮಿನ ಇದ್ದಿಲು ನಾಲ್ಕೇ ಗಂಟೆಗೆ ಖಾಲಿ

ಪ್ರಶ್ನೆ: ಹಂದಿಮಾಂಸ ಹೊಗೆಯಲ್ಲಿ ಬೇಯಿಸಲು 200 ಲೀಟರಿನ ಕಬ್ಬಿಣದ ಡ್ರಮ್ಮಿನಿಂದ ಒಲೆ ಮಾಡಿಕೊಂಡಿದ್ದೇವೆ. ತಳದಲ್ಲಿ ಮುಕ್ಕಾಲು ಇಂಚಿನ ಮೂರು ಗಾಳಿ ಕೊಳವೆ, ಮುಚ್ಚಳದಲ್ಲಿ ಅರ್ಧ ಇಂಚಿನ ಎಂಟು ತೂತು ಇವೆ. 5 ಕೆಜಿ ಇದ್ದಿಲನ್ನು ಪೂರ್ತಿ ಕೆಂಡ ಮಾಡಿ ಸುರಿದರೂ ನಾಲ್ಕು ಗಂಟೆ ದಾಟುವುದಿಲ್ಲ. ಮೊದಲು ಶಾಖ 180 ಡಿಗ್ರಿಗೆ ಏರುತ್ತದೆ, ಆಮೇಲೆ ಬಿದ್ದೇ ಹೋಗುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ‘ಪೂರ್ತಿ ಕೆಂಡ ಮಾಡಿ’ ಎಂದಿರಲ್ಲ, ಎಡವಟ್ಟಾಗಿರುವುದು ಅಲ್ಲೇ. ಬುಟ್ಟಿಯಷ್ಟೂ ಒಟ್ಟಿಗೆ ಉರಿದರೆ ಒಟ್ಟಿಗೇ ಬೂದಿಯಾಗುತ್ತದೆ. 5 ಕೆಜಿಯನ್ನೂ ಹೊತ್ತಿಸದೆ ಜಾಲರಿ ಬುಟ್ಟಿಗೆ ತುಂಬಿ. ದಪ್ಪ ತುಂಡು ಕೆಳಗೆ, ಸಂದಿಗಳಲ್ಲಿ ನಿಂಬೆ ಗಾತ್ರದ್ದು. ಪುಡಿಯನ್ನು ಮಾತ್ರ ಜರಡಿ ಹಿಡಿದು ಹೊರಹಾಕಿ, ಅದು ಗಾಳಿ ಕಟ್ಟುತ್ತದೆ. ಮೇಲೆ ನಡುವೆ ಒಂದು ಗುಳಿ ಮಾಡಿ ಹತ್ತು ಹನ್ನೆರಡು ಕೆಂಡವಷ್ಟೇ ಇಡಿ. ಬೆಂಕಿ ನಿಧಾನಕ್ಕೆ ಕೆಳಗೂ ಪಕ್ಕಕ್ಕೂ ಹರಡುತ್ತಾ ಹೋಗುತ್ತದೆ.

ಮೂರೂ ಕೊಳವೆ ತೆರೆದು ಶುರು ಮಾಡಿ. 90 ಡಿಗ್ರಿ ಮುಟ್ಟಿದಾಗ ಒಂದನ್ನು, 105ಕ್ಕೆ ಇನ್ನೊಂದನ್ನು ಮುಚ್ಚಿ. ಮೂರನೆಯದಕ್ಕೆ ಬಾಲ್ ವಾಲ್ವ್ ಕೂರಿಸಿ ಅದೊಂದರಲ್ಲೇ 110–120ರ ನಡುವೆ ನಿಲ್ಲಿಸಿ. ಏರುವಾಗಲೇ ಹಿಡಿಯಬೇಕು. 150 ದಾಟಿದ ಮೇಲೆ ಇಳಿಸುವುದು ಕಷ್ಟ, ಏಕೆಂದರೆ ಅಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಇದ್ದಿಲು ಹೊತ್ತಿಕೊಂಡಿರುತ್ತದೆ. ಮುಚ್ಚಳದ ತೂತುಗಳ ತಂಟೆಗೆ ಹೋಗಬೇಡಿ; ಅವನ್ನು ಮುಚ್ಚಿದರೆ ಹೊಗೆ ಒಳಗೇ ಕೊಳೆತು ಮಾಂಸ ಕಹಿಯಾಗುತ್ತದೆ.

ಇಷ್ಟಾದರೂ ಶಾಖ ಕೈಗೆ ಸಿಗದಿದ್ದರೆ ಡ್ರಮ್ಮು ಎಲ್ಲೋ ಕದ್ದು ಗಾಳಿ ಎಳೆಯುತ್ತಿದೆ. ಒಲೆ ಉರಿಯುವಾಗ ಹೊತ್ತಿಸಿದ ಊದುಬತ್ತಿಯನ್ನು ಕೊಳವೆಯ ನಟ್ಟಿನ ಸುತ್ತ, ಬಾಗಿಲು ಕತ್ತರಿಸಿದ್ದರೆ ಅದರ ಅಂಚಿಗೂ ಹಿಡಿದು ನೋಡಿ. ನೇರ ಏಳುತ್ತಿದ್ದ ಹೊಗೆ ತಟ್ಟನೆ ಬಾಗಿ ಒಳಗೆ ನುಗ್ಗಿದಲ್ಲಿ ಸೋರಿಕೆ ಇದೆ. ಅಲ್ಲಿಗೆ ಗ್ಲಾಸ್ ಫೈಬರ್ ಹಗ್ಗ ಹಾಕಿ. ಡ್ರಮ್ಮು ಭದ್ರವಾಗಿದ್ದರೆ ಕೊನೆಯಲ್ಲಿ ಮೇಲೂ ಕೆಳಗೂ ಎಲ್ಲ ಮುಚ್ಚಿದಾಗ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ.

ಬುಟ್ಟಿಯ ಕೆಳಗೆ 7 ಸೆಂ.ಮೀ. ಜಾಗವಿರಲಿ, ಇಲ್ಲದಿದ್ದರೆ ಐದಾರು ಗಂಟೆಗೆ ಬೂದಿ ತುಂಬಿ ಉಸಿರು ಕಟ್ಟುತ್ತದೆ. ಮುಚ್ಚಳ ಎತ್ತುವ ಮೊದಲು ಕೆಳಗಿನ ವಾಲ್ವ್ ಮುಚ್ಚಿ. ಪದೇ ಪದೇ ಇಣುಕುವವರ ಇದ್ದಿಲು ಎಂದೂ ಬಾಳಿಕೆ ಬರುವುದಿಲ್ಲ.

ಕೊಡಗಿನ ಮಳೆಗಾಲದ ಲೆಕ್ಕ ಬೇರೆ. ಚೀಲದಲ್ಲಿಟ್ಟ ಇದ್ದಿಲು ಶೀತ ಎಳೆದುಕೊಳ್ಳುತ್ತದೆ. ಹೊತ್ತದು ಎಂದು ವಾಲ್ವ್ ಹೆಚ್ಚು ತೆರೆಯುತ್ತೀರಿ, ಒಣಗಿದೊಡನೆ ಅದು ಭಗ್ಗೆನ್ನುತ್ತದೆ. ಮುಚ್ಚಳ ಬಿಗಿಯಿರುವ ಡಬ್ಬದಲ್ಲಿಡಿ. ಡ್ರಮ್ಮಿನ ಮೈಮೇಲೆ ಬಿದ್ದ ಒಂದು ಲೀಟರ್ ಮಳೆನೀರು ಆವಿಯಾಗಲು ಸುಮಾರು 90 ಗ್ರಾಂ ಇದ್ದಿಲಿನ ಶಾಖ ಬೇಕು. ಆದ್ದರಿಂದ ಮೇಲೆ ತಗಡಿನ ಮಾಡು ಬೇಕೇ ಬೇಕು, ಆದರೆ ಸುತ್ತ ಗೋಡೆ ಕೂಡದು. ಮಳೆ ಜೋರಾಯಿತೆಂದು ಡ್ರಮ್ಮನ್ನು ಅಡುಗೆಮನೆಗೋ ಗೋದಾಮಿಗೋ ಎಳೆದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋಗುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ಪ್ರಶ್ನೆ: ಕಿತ್ತ ಹಳೆಯ ಕಾಫಿ ಗಿಡದ ಕಟ್ಟಿಗೆ ಹೊಗೆಗೆ ಆಗುತ್ತದೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಆಗುತ್ತದೆ. ಪಾಚಿ ಹಿಡಿದ ತೊಗಟೆ ಕೆತ್ತಿ, ಚೆನ್ನಾಗಿ ಒಣಗಿಸಿ. ಮುಷ್ಟಿ ಗಾತ್ರದ ನಾಲ್ಕು ತುಂಡು ಸಾಕು, ಇದ್ದಿಲಿನ ನಡುವೆ ಬೇರೆ ಬೇರೆ ಆಳದಲ್ಲಿ ಹುದುಗಿಸಿ. ಪ್ಲೈವುಡ್, ಬಣ್ಣ ಬಳಿದ ಮರ, ಔಷಧಿ ಹೊಡೆದ ಬೇಲಿ ಗೂಟ ಬೇಡವೇ ಬೇಡ.

ಪ್ರಶ್ನೆ: ಡ್ರಮ್ಮಿನಲ್ಲಿ ಬೇಯಿಸಿದ ಮಾಂಸವನ್ನು, ಒಲೆ ಮೇಲೆ ತೂಗುಹಾಕಿ ಒಣಗಿಸಿದ ಮಾಂಸದ ಹಾಗೆ, ಹೊರಗೇ ಇಡಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಇಡಬಾರದು. ಒಲೆ ಮೇಲಿನದು ಉಪ್ಪು ಹಾಕಿ, ಸಣ್ಣಗೆ ಸೀಳಿ, ದಿನಗಟ್ಟಲೆ ಹೊಗೆಯಲ್ಲಿ ಒಣಗಿಸಿದ ಮಾಂಸ. ಡ್ರಮ್ಮಿನದು ಬೆಂದಿರುತ್ತದೆಯೇ ಹೊರತು ಒಣಗಿರುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ.