ತಂಬಾಕು ಹಾಕದ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆಯೇ?
"ತಂಬಾಕು ಮುಟ್ಟುವುದಿಲ್ಲ, ಬರೀ ಅಡಿಕೆ ಜಗಿಯುತ್ತೇನೆ, ನನಗೂ ಅಪಾಯವಿದೆಯೇ?" ಎಂದು ಕೇಳಿದ್ದೀರಿ. ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಬೆರೆಸಿದ ಎಲೆ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಬರೀ ಅಡಿಕೆಯನ್ನೂ ಅದೇ ಸಾಲಿಗೆ ಸೇರಿಸಿತು. "ತಂಬಾಕಿಲ್ಲವಲ್ಲ" ಎಂಬ ಧೈರ್ಯದಲ್ಲಿ ವರ್ಷಗಟ್ಟಲೆ ಜಗಿಯುವವರನ್ನು ನೆನೆದಾಗಲೇ ನನಗೆ ಹೆಚ್ಚು ಕಳವಳ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ಜಗಿದಾಗ ಮೈ ಬಿಸಿಯಾಗಿ ಚುರುಕೆನಿಸುವುದು, ಮತ್ತೆ ಮತ್ತೆ ಬೇಕೆನಿಸುವುದು ಅದರಿಂದಲೇ. ಅದೇ ಅಂಶ ಕೆನ್ನೆಯ ಒಳಪದರದ ಕೆಳಗಿನ ಜೀವಕೋಶಗಳನ್ನು ಕೆರಳಿಸಿ ಕೊಲಾಜನ್ ನಾರನ್ನು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟಿಸುತ್ತದೆ. ಅಡಿಕೆಯ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಚುರುಕು ಕೊಡುತ್ತದೆ. ಒಗರಿನ ಟ್ಯಾನಿನ್ ಅವು ಕರಗದಂತೆ ಕಾಯುತ್ತದೆ. ಹೀಗೆ ಮೆತ್ತಗಿದ್ದ ಕೆನ್ನೆ ಬಿಳಿಚಿ ಗಡುಸಾಗುತ್ತದೆ. ಒಳಗೆ ಬೆರಳಾಡಿಸಿದರೆ ಹುರಿಯಂತೆ ಎಳೆಗಳು ಸಿಗುತ್ತವೆ. ಖಾರ ತಾಕಿದರೆ ಉರಿ, ಆಮೇಲೆ ಬಾಯಿಯೇ ಪೂರ್ತಿ ತೆರೆಯುವುದಿಲ್ಲ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದಿರುವ ನೂರು ಜನರಲ್ಲಿ ಸುಮಾರು 4ರಿಂದ 8 ಮಂದಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

ಸುಣ್ಣವೂ ನಿರಪಾಯವಲ್ಲ. ಅದು ಒಳಪದರವನ್ನು ಸುಡುತ್ತದೆ, ಅಡಿಕೆಯಿಂದ ಡಿಎನ್‌ಎಗೆ ಹಾನಿ ಮಾಡುವ ಆಮ್ಲಜನಕದ ಕಣಗಳು ಹುಟ್ಟಲು ದಾರಿ ಮಾಡುತ್ತದೆ. ತಂಬಾಕು ಸೇರಿದರೆ ಅದರ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳೂ ಕೆಲಸ ಶುರುಮಾಡುತ್ತವೆ. ಕೆನ್ನೆ ಮತ್ತು ವಸಡಿನ ನಡುವಿನ ಸಂದಿಯಲ್ಲಿ ಗಂಟೆಗಟ್ಟಲೆ ಒತ್ತರಿಸಿಟ್ಟುಕೊಂಡರೆ ಹುಣ್ಣು ಬಹುಪಾಲು ಅಲ್ಲೇ ಏಳುತ್ತದೆ. ಬೀಡಿ, ಸಿಗರೇಟು ಸೇದಿದರೆ ಹೊಗೆ ಗಂಟಲು, ಧ್ವನಿಪೆಟ್ಟಿಗೆಯವರೆಗೂ ಇಳಿಯುತ್ತದೆ. ಜೊತೆಗೆ ಮದ್ಯವೂ ಇದ್ದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಈಗಲೇ ಕನ್ನಡಿ ಮುಂದೆ ನಿಂತು ನಿಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಿ. ಟಾರ್ಚ್ ಹಾಕಿ ಕೆನ್ನೆ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡಿ: ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು. ಇವು ಕಂಡರೂ ವೈದ್ಯರಿಗೆ ತೋರಿಸಿ. ಮೂರು ವಾರ ದಾಟಿದ ಧ್ವನಿ ಒರಟುತನ, ಕತ್ತಿನ ಗಂಟಿಗೂ ಇದೇ ಮಾತು. ನೋವಿಲ್ಲವೆಂದು ಕಾಯಬೇಡಿ, ಮೊದಲ ಹಂತದಲ್ಲಿ ಬಹಳಷ್ಟು ಸಲ ನೋವೇ ಇರುವುದಿಲ್ಲ. ಚೂಪಾದ ಹಲ್ಲು ತಾಗಿ ಹುಣ್ಣಾಗಿದ್ದರೆ ಹಲ್ಲು ಸರಿಮಾಡಿಸಿ; ಆಮೇಲೂ ಎರಡು ವಾರದಲ್ಲಿ ಮಾಯದಿದ್ದರೆ ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ ಬೇಕು. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನು ನಂಬಬೇಡಿ. ಆ ಭಯದಲ್ಲಿ ಮುಂದೂಡುವ ತಿಂಗಳುಗಳಲ್ಲೇ ಗಡ್ಡೆ ಬೆಳೆಯುವುದು.

ಅಡಿಕೆ ಬಿಟ್ಟರೆ ಆಗಲೇ ಬಿಗಿದ ಎಳೆಗಳು ಪೂರ್ತಿ ಸಡಿಲವಾಗುವುದಿಲ್ಲ, ಆದರೆ ಅವನ್ನು ಬಿಗಿಯುತ್ತಿದ್ದ ಕಾರಣ ನಿಲ್ಲುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ವೈದ್ಯರಿಂದ ಕಲಿತು ದಿನವೂ ಮಾಡಿ. ನಿಕೋಟಿನ್ ಪಟ್ಟಿ, ಗಮ್ ತಂಬಾಕು ಬಿಡುವವರಿಗೆ. ಬರೀ ಅಡಿಕೆ ಬಿಡುವವರಿಗೆ ಅವು ಬೇಕಿಲ್ಲ.